ಷರಾ: ಪೈಲಟ್ ತಪ್ಪು

ವಿಮಾನ ಎಲ್ಲೇ ಬೀಳಲಿ, ಮಾರನೆಯ ಬೆಳಿಗ್ಗೆ ಗೋವಿಂದರಾಜನಗರದ ನಮ್ಮ ಬೀದಿಯ ದರ್ಶಿನಿ ಮುಂದೆ ಬೈಟು ಕಾಫಿ ಮುಗಿಯುವಷ್ಟರಲ್ಲಿ ತೀರ್ಪು ಬಂದುಬಿಟ್ಟಿರುತ್ತದೆ. ‘ಪೈಲಟ್‌ದೇ ತಪ್ಪಂತೆ ಸಾರ್.’ ರಾತ್ರಿಯಿಡೀ ಟೀವಿಯಲ್ಲಿ ಕೇಳಿಸಿಕೊಂಡದ್ದು ಅದೇ. ವರ್ಷ ಕಳೆದು ತನಿಖಾ ವರದಿ ಹೊರಬಂದಾಗಲೂ ಪತ್ರಿಕೆಗಳು ಅದರಿಂದ ಹೆಕ್ಕಿ ತಲೆಬರಹಕ್ಕೆ ಏರಿಸುವುದು ಅದೇ ಸಾಲನ್ನು. ಆಮೇಲೆ ಯಾರೂ ಆ ವರದಿಯ ಇನ್ನೊಂದು ಹಾಳೆ ತಿರುವುವುದಿಲ್ಲ.

ಆ ಮಾತು ಎಷ್ಟೋ ಸಲ ನಿಜವೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಮಾತಿನಿಂದ ಕಡತ ಮುಚ್ಚಬಹುದು ಎಂದು ನಾವೆಲ್ಲ ಒಪ್ಪಿಕೊಂಡಿದ್ದೇವಲ್ಲ, ಅದು ಅನ್ಯಾಯ, ಅಪಾಯಕಾರಿ ಕೂಡ. ಅದಕ್ಕೆ ಜನ ಪ್ರಾಣ ತೆತ್ತಿದ್ದಾರೆ. ಎಲ್ಲೋ ದೂರದೇಶದಲ್ಲಲ್ಲ, ನಮ್ಮ ಮಂಗಳೂರಿನ ಬಜ್ಪೆಯಲ್ಲಿ.

ಬಜ್ಪೆಯ ನಿಲ್ದಾಣ ಗುಡ್ಡದ ನೆತ್ತಿಯ ಮೇಲಿನದು. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಅದನ್ನು ಉದ್ಘಾಟಿಸಿದರು. ಮೂವತ್ತು ವರ್ಷದ ಮೇಲೆ, 1981ರ ಆಗಸ್ಟ್ 19ರಂದು, ಇಂಡಿಯನ್ ಏರ್‌ಲೈನ್ಸ್‌ನ ಒಂದು ಆವ್ರೊ ಅಲ್ಲಿ ಇಳಿಯಿತು. ಎರಡು ಪ್ರೊಪೆಲರ್‌ಗಳ ಚಿಕ್ಕ ವಿಮಾನ. ಮಳೆಗಾಲ, ರನ್‌ವೇ ಒದ್ದೆ, ಅದರ ಉದ್ದವೇ 5,783 ಅಡಿ. ವಿಮಾನ ನಿಲ್ಲಲಿಲ್ಲ. ರನ್‌ವೇ ಮುಗಿದ ಮೇಲೂ ಓಡಿ, ಅಂಚಿನ ಆಚೆ ಸ್ವಲ್ಪದರಲ್ಲೇ ನಿಂತಿತು. ಒಳಗಿದ್ದವರೆಲ್ಲ ಬದುಕಿದರು. ಅವರಲ್ಲಿ ಆಗಿನ ಗುಂಡೂರಾವ್ ಸರ್ಕಾರದ ಹಣಕಾಸು ಸಚಿವ ವೀರಪ್ಪ ಮೊಯ್ಲಿಯವರೂ ಇದ್ದರು. ವಿಮಾನ ಮಾತ್ರ ಮತ್ತೆಂದೂ ಹಾರಲಿಲ್ಲ.

ಒಬ್ಬರೂ ಸಾಯದ ಅಪಘಾತದಷ್ಟು ಬೆಲೆಬಾಳುವ ಪಾಠ ಇನ್ನೊಂದಿಲ್ಲ. ಪುಕ್ಕಟೆ ಸಿಗುವ ಪಾಠ ಅದು. ಅವತ್ತು ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ಇನ್ನಷ್ಟು ದೂರ ಓಡಿದ್ದರೆ ಮುಂದೆ ಏನಿತ್ತು? ಮುಂದೆ ಇದ್ದದ್ದು ಇಳಿಜಾರು, ಕಣಿವೆ. ಗುಡ್ಡದ ಮೇಲಿನ ರನ್‌ವೇಯಲ್ಲಿ ಮುಂದೆ ಮತ್ತೊಬ್ಬ ಪೈಲಟ್ ಎಡವುತ್ತಾನೆ, ಅವನ ವಿಮಾನ ಇನ್ನೂ ದೊಡ್ಡದಾಗಿರುತ್ತದೆ ಎಂದು ಊಹಿಸಲು ಪರಿಣತಿ ಬೇಕಿರಲಿಲ್ಲ.

ಹಾಗೆ ಊಹಿಸಿದವರು ಇದ್ದರು. ಬಜ್ಪೆಯಲ್ಲಿ ಎರಡನೆಯ ರನ್‌ವೇ ಮಾಡುವ ಯೋಜನೆ ಬಂದಾಗ ಸುತ್ತಲಿನ ಹಳ್ಳಿಯವರು ವಿಮಾನ ನಿಲ್ದಾಣ ವಿಸ್ತರಣಾ ವಿರೋಧಿ ಸಮಿತಿ ಕಟ್ಟಿಕೊಂಡರು. ನಮ್ಮ ಬೆಂಗಳೂರಿನ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್‌ನವರು ಅವರ ಜೊತೆ ನಿಂತರು. 1997ರಲ್ಲಿ ಒಮ್ಮೆ, 2002ರಲ್ಲಿ ಮತ್ತೊಮ್ಮೆ ಹೈಕೋರ್ಟ್ ಮೆಟ್ಟಿಲೇರಿದರು. ಅವರ ವಾದ ಭೂಮಿ ಪರಿಹಾರದ್ದು ಮಾತ್ರ ಆಗಿರಲಿಲ್ಲ. ಸುತ್ತ ಆಳವಾದ ಕಣಿವೆಗಳಿವೆ, ವಿಮಾನ ರನ್‌ವೇ ದಾಟಿದರೆ ತುರ್ತಿಗೆ ಬೇಕಾದ ಜಾಗ ಇಲ್ಲಿಲ್ಲ ಎಂದು ಅವರು ಕಾಗದದ ಮೇಲೆ ಬರೆದುಕೊಟ್ಟಿದ್ದರು. ಮೊದಲ ಸಲ ನ್ಯಾಯಾಲಯ ನಿಯಮಗಳನ್ನೆಲ್ಲ ಪಾಲಿಸುತ್ತೇವೆ ಎಂಬ ವಿಮಾನ ನಿಲ್ದಾಣ ಪ್ರಾಧಿಕಾರದ ಭರವಸೆಯನ್ನು ಒಪ್ಪಿಕೊಂಡಿತು. ಎರಡನೆಯ ಸಲ ಅರ್ಜಿ ವಜಾ ಆಯಿತು. 2003ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಬಿತ್ತು. 2006ರ ಮೇ ತಿಂಗಳಲ್ಲಿ 8,033 ಅಡಿಯ ಹೊಸ ರನ್‌ವೇ ಶುರುವಾಯಿತು.

ನಾಲ್ಕು ವರ್ಷ ತುಂಬಿ ಹನ್ನೆರಡು ದಿನ ಕಳೆದಿತ್ತು. 2010ರ ಮೇ 22ರ ಬೆಳಿಗ್ಗೆ ಆರು ಗಂಟೆ ಐದು ನಿಮಿಷದ ಹೊತ್ತಿಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737, ಆ ರನ್‌ವೇಯ ಸುಮಾರು 5,200 ಅಡಿ ಹಿಂದೆ ಬಿದ್ದ ಮೇಲೆ ಚಕ್ರ ಊರಿತು. ನಿಲ್ಲಲು ಉಳಿದದ್ದು 2,800 ಅಡಿ. ರನ್‌ವೇ ದಾಟಿ ಹೋಗುವಾಗ ಅದರ ರೆಕ್ಕೆ ಅಲ್ಲಿದ್ದ ಒಂದು ಕಾಂಕ್ರೀಟ್ ಕಟ್ಟೆಗೆ ಬಡಿಯಿತು. ಇಳಿಯುವ ವಿಮಾನಗಳಿಗೆ ದಾರಿ ತೋರುವ ಆಂಟೆನಾಗಳನ್ನು ಕೂರಿಸಿದ್ದ ಕಟ್ಟೆ ಅದು. ಅಲ್ಲಿಂದ ಬೇಲಿ ಮುರಿದು ಕೆಂಜಾರಿನ ಕಣಿವೆಗೆ. ಒಳಗಿದ್ದ 166 ಜನರಲ್ಲಿ ಬದುಕಿದವರು 8. ವಿಮಾನದಲ್ಲಿದ್ದ ಹೆಚ್ಚಿನವರು ಗಲ್ಫ್‌ನಲ್ಲಿ ದುಡಿದು ರಜೆಗೆ ಬರುತ್ತಿದ್ದ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಮನೆಮಂದಿ. ಗುರುತು ಸಿಗದ 12 ದೇಹಗಳನ್ನು ಕೂಳೂರಿನ ಬಳಿ ನದಿ ದಡದಲ್ಲಿ ಮಣ್ಣು ಮಾಡಿದರು.

ಏರ್ ಮಾರ್ಷಲ್ ಭೂಷಣ್ ಗೋಖಲೆಯವರ ನೇತೃತ್ವದ ತನಿಖಾ ನ್ಯಾಯಾಲಯ ಕೊಟ್ಟ ವರದಿಯಿಂದ ನಮಗೆಲ್ಲ ಬಾಯಿಪಾಠವಾಗಿರುವುದು ಒಂದೇ ವಿಷಯ: ಕ್ಯಾಪ್ಟನ್ ನಿದ್ದೆ ಮಾಡಿದ್ದ. ಹೌದು, ಮಾಡಿದ್ದರು. ಕಾಕ್‌ಪಿಟ್‌ನ ಧ್ವನಿಮುದ್ರಣ ಎರಡು ಗಂಟೆ ಐದು ನಿಮಿಷದ್ದು. ಅದರಲ್ಲಿ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ಗ್ಲುಸಿಕಾ ಅವರ ನಿದ್ದೆಯ ಉಸಿರು, ಗೊರಕೆ. ಎಚ್ಚೆತ್ತ ಮೇಲೆ ವಿಮಾನ ಇರಬೇಕಾದುದಕ್ಕಿಂತ ತೀರ ಎತ್ತರದಲ್ಲಿತ್ತು. ಪಕ್ಕದಲ್ಲಿದ್ದ ಸಹಪೈಲಟ್ ಅಹ್ಲುವಾಲಿಯಾ ಮೂರು ಸಲ ಗೋ ಅರೌಂಡ್ ಎಂದರು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಅದರ ಅರ್ಥ. ಯಂತ್ರವೂ ಎಚ್ಚರಿಕೆಯ ಮೇಲೆ ಎಚ್ಚರಿಕೆ ಕೊಡುತ್ತಿತ್ತು. ಕ್ಯಾಪ್ಟನ್ ಕೇಳಲಿಲ್ಲ. ಅಷ್ಟು ತಡವಾಗಿ ನೆಲ ಮುಟ್ಟಿದ ಮೇಲೂ ಪೂರ್ಣ ಬ್ರೇಕ್ ಹಾಕಿ ಕೂತಿದ್ದರೆ ವಿಮಾನ ರನ್‌ವೇ ಒಳಗೇ ನಿಲ್ಲುತ್ತಿತ್ತು ಎಂಬ ಲೆಕ್ಕವೂ ಆ ವರದಿಯಲ್ಲಿದೆ. ಅವರು ಹಾಗೆ ಮಾಡದೆ ಮತ್ತೆ ಹಾರಲು ನೋಡಿದರು. ನೇರ ಕಾರಣ ಕ್ಯಾಪ್ಟನ್ ಎಂದು ವರದಿ ಬರೆದದ್ದರಲ್ಲಿ ತಪ್ಪಿಲ್ಲ.

ಅದೇ ವರದಿ ಇನ್ನೇನು ಹೇಳಿತ್ತು ಎಂದು ದರ್ಶಿನಿ ಮುಂದೆ ಕೇಳಿದರೆ ಯಾರಿಗೂ ಗೊತ್ತಿಲ್ಲ. ಮಂಗಳೂರಿನ ರಾಡಾರ್ ಎರಡು ದಿನದಿಂದ ಕೆಟ್ಟು ಕೂತಿತ್ತು. ಅದರಿಂದಾಗಿ ವಿಮಾನಕ್ಕೆ ಕೆಳಗಿಳಿಯಲು ಅನುಮತಿ ಸಿಕ್ಕಿದ್ದೇ ತಡವಾಗಿ. ಕ್ಯಾಪ್ಟನ್ ಮಾತು ಕೇಳದಿದ್ದಾಗ ಸಹಪೈಲಟ್ ತಾನೇ ಹಿಡಿತ ತೆಗೆದುಕೊಂಡು ವಿಮಾನವನ್ನು ಮೇಲೇರಿಸಬಹುದೇ ಎಂಬುದರ ಬಗ್ಗೆ ಇದ್ದ ಸೂಚನೆಗಳೇ ಗೊಂದಲದ್ದು. ಬಡಿದರೆ ಮುರಿದುಬೀಳುವಂತೆ ಇರಬೇಕಾದ ಆಂಟೆನಾ ಕಟ್ಟೆ ಗಟ್ಟಿ ಕಾಂಕ್ರೀಟಿನದಾಗಿತ್ತು. ನಿಲ್ದಾಣದ ಹೊರಗೆ ಕಣಿವೆಗೆ ಹೋಗುವ ದಾರಿ ಕಿರಿದು, ಏರುತಗ್ಗು. ಅಗ್ನಿಶಾಮಕ ವಾಹನಗಳು ಅಲ್ಲಿ ಒದ್ದಾಡಿದವು.

ಇನ್ನು ರನ್‌ವೇ ಕೊನೆಯ ಸುರಕ್ಷತಾ ಪ್ರದೇಶ. ಅಂತರರಾಷ್ಟ್ರೀಯ ನಿಯಮದಲ್ಲಿ ಅದಕ್ಕೆ ಎರಡು ಅಳತೆಗಳಿವೆ. ಕಡ್ಡಾಯವಾಗಿ ಇರಲೇಬೇಕಾದದ್ದು 90 ಮೀಟರ್. ಇರುವುದು ಒಳ್ಳೆಯದು ಎಂದು ಶಿಫಾರಸು ಮಾಡಿರುವುದು 240 ಮೀಟರ್. ಬಜ್ಪೆಯಲ್ಲಿ ಇದ್ದದ್ದು 90. ಹಾಗಾಗಿ ನಿಯಮದ ಪ್ರಕಾರ ಎಲ್ಲ ಸರಿಯಿತ್ತು! ಈ ‘ಎಲ್ಲ ಸರಿಯಿತ್ತು’ ಎಂಬ ಮಾತನ್ನು ಅಧಿಕಾರಿಗಳು ಅಂದೂ ಹೇಳಿದರು, ಇಂದೂ ಹೇಳುತ್ತಾರೆ. ಗುಡ್ಡದ ತುದಿಯಲ್ಲಿ, ಮುಂದೆ ಪ್ರಪಾತ ಇರುವಲ್ಲಿ, ಬಯಲುಸೀಮೆಯ ಕನಿಷ್ಠ ಅಳತೆ ಸಾಕು ಎಂದು ತೀರ್ಮಾನಿಸಿದವರ ಹೆಸರು ಯಾವ ತಲೆಬರಹದಲ್ಲೂ ಬರಲಿಲ್ಲ.

ಇಲ್ಲಿ ನನ್ನ ಮುಖ್ಯ ಮಾತು ಹೇಳಬೇಕು. ರನ್‌ವೇ ಆಚೆಯ ಆ ಜಾಗ ಯಾರಿಗಾಗಿ ಇರುವುದು? ಸರಿಯಾದ ಜಾಗದಲ್ಲಿ, ಸರಿಯಾದ ವೇಗದಲ್ಲಿ ಇಳಿಯುವ ಪೈಲಟ್‌ಗೆ ಅದರ ಒಂದಡಿಯೂ ಬೇಕಾಗಿಲ್ಲ. ಅದು ಇರುವುದೇ ತಪ್ಪಿಳಿದವನಿಗಾಗಿ. ಅವನ ಹಿಂದೆ ಕೂತ, ಏನೂ ತಪ್ಪು ಮಾಡದ ನೂರಾರು ಜನರಿಗಾಗಿ. ಹೀಗಿರುವಾಗ ವಿಮಾನ ಅಲ್ಲಿಗೆ ಹೋಗಿ ಕಣಿವೆಗೆ ಬಿದ್ದ ಮೇಲೆ ‘ಪೈಲಟ್ ತಪ್ಪು ಮಾಡಿದ’ ಎನ್ನುವುದು ಆ ಜಾಗ ಇಲ್ಲದ್ದಕ್ಕೆ ಉತ್ತರವಾಗಲು ಹೇಗೆ ಸಾಧ್ಯ? ಬಾವಿಗೆ ಕಟ್ಟೆ ಕಟ್ಟದೆ, ಮಗು ಬಿದ್ದ ಮೇಲೆ ಮಗು ನೋಡಿಕೊಂಡು ನಡೆಯಬೇಕಿತ್ತು ಎಂದಂತೆ.

ಈ ಮಾತನ್ನು ನಾನು ಕಲಿತದ್ದು ವಿಮಾನದಿಂದಲ್ಲ, ಬ್ರಾಕೆಟ್‌ನಿಂದ. ಮಾಗಡಿ ರಸ್ತೆಯ ಹಿಂಬದಿಯ ಒಂದು ಚಿಕ್ಕ ಮೆಷಿನ್ ಶಾಪ್‌ನಲ್ಲಿ ವರ್ಷಗಟ್ಟಲೆ ಇನ್‌ಸ್ಪೆಕ್ಷನ್ ನೋಡುತ್ತಿದ್ದೆ. ರಾಜಾಜಿನಗರ, ಕಾಮಾಕ್ಷಿಪಾಳ್ಯ, ಪೀಣ್ಯದಲ್ಲಿ ಅಂಥ ನೂರಾರು ಶೆಡ್‌ಗಳಿವೆ. ನಮ್ಮಲ್ಲಿ ಒಂದು ಬ್ರಾಕೆಟ್ ಬರುತ್ತಿತ್ತು. ಎರಡೂ ಬದಿ ಕಣ್ಣಿಗೆ ಒಂದೇ ಥರ. ಫಿಕ್ಸ್‌ಚರ್‌ನಲ್ಲಿ ತಿರುಗುಮುರುಗಾಗಿ ಕೂರಿಸಿದರೂ ಕೂರುತ್ತಿತ್ತು. ಡ್ರಿಲ್ ಇಳಿಸಿದರೆ ತೂತು ಎರಡು ಮಿಲಿಮೀಟರ್ ಪಕ್ಕಕ್ಕೆ, ಮಾಲು ಸ್ಕ್ರಾಪ್. ರಿಜೆಕ್ಷನ್ ಪುಸ್ತಕದಲ್ಲಿ ಷರಾ ಬರೆಯುತ್ತಿದ್ದವನು ನಾನೇ: ‘ಆಪರೇಟರ್ ತಪ್ಪು’. ಒಬ್ಬ ಹುಡುಗನಿಗೆ ಅರ್ಧ ದಿನದ ಸಂಬಳ ಹೋಯಿತು. ಮುಂದಿನ ತಿಂಗಳು ರಾತ್ರಿ ಪಾಳಿಯ ಇನ್ನೊಬ್ಬನಿಗೆ. ಆಮೇಲೆ ಮೂರನೆಯವನಿಗೆ. ಮೂವರೂ ಬೇರೆ ಬೇರೆ, ತಪ್ಪು ಒಂದೇ. ಅದು ನನ್ನ ಕಣ್ಣಿಗೆ ಬೀಳಲಿಲ್ಲ, ಯಾಕೆಂದರೆ ಷರಾ ಬರೆದ ಕ್ಷಣಕ್ಕೆ ನನ್ನ ಕೆಲಸ ಮುಗಿದಿರುತ್ತಿತ್ತು.

ಪುಸ್ತಕವನ್ನು ಹಿಂದಕ್ಕೆ ತಿರುವಿ ನೋಡಿದವರು ನಮ್ಮ ಫೋರ್‌ಮನ್. ಹೆಚ್ಚು ಓದಿದವರಲ್ಲ. ಫಿಕ್ಸ್‌ಚರ್ ಬಿಚ್ಚಿ, ಒಂದು ಮೂಲೆಯಲ್ಲಿ ಬೆರಳುಗಾತ್ರದ ಪಿನ್ ಒಂದನ್ನು ಹೊಡೆದರು. ಅಲ್ಲಿಂದ ಮುಂದೆ ಬ್ರಾಕೆಟ್ ತಿರುಗುಮುರುಗಾಗಿ ಕೂರುವುದೇ ಸಾಧ್ಯವಿರಲಿಲ್ಲ. ಆ ಷರಾ ಬರೆಯುವ ಸಂದರ್ಭ ಮತ್ತೆ ಬರಲಿಲ್ಲ. ಸಂಬಳ ಕಳೆದುಕೊಂಡ ಮೂವರಿಗೆ ನಾನು ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಇದಕ್ಕೆ ಎದುರಾಗಿ ಬರುವ ವಾದ ನನಗೆ ಗೊತ್ತು. ಅದೇ ಬಜ್ಪೆಯಲ್ಲಿ ದಿನವೂ ವಿಮಾನಗಳು ಇಳಿಯುತ್ತಿರಲಿಲ್ಲವೇ? ಆ ರನ್‌ವೇಯೇ ಕೆಟ್ಟದ್ದಾಗಿದ್ದರೆ ಉಳಿದ ಸಾವಿರಾರು ಪೈಲಟ್‌ಗಳು ಹೇಗೆ ಇಳಿಸಿದರು? ಕೇಳಲು ಗಟ್ಟಿ ವಾದ. ನಮ್ಮ ಶೆಡ್‌ನಲ್ಲೂ ದಿನಕ್ಕೆ ನೂರಾರು ಬ್ರಾಕೆಟ್ ಸರಿಯಾಗಿಯೇ ಬರುತ್ತಿದ್ದವು. ಸರಿಯಾಗಿ ಬಂದ ನೂರು ಬ್ರಾಕೆಟ್‌ಗಳು ಫಿಕ್ಸ್‌ಚರ್ ಚೆನ್ನಾಗಿದೆ ಎಂದು ಸಾಬೀತು ಮಾಡುವುದಿಲ್ಲ. ನೂರು ಸಲ ಮನುಷ್ಯ ಎಚ್ಚರವಾಗಿದ್ದ ಎಂದಷ್ಟೇ ಹೇಳುತ್ತವೆ. ಎಚ್ಚರ ತಪ್ಪುವ ನೂರಾ ಒಂದನೆಯ ಸಲಕ್ಕೆ ನೀವು ಏನು ಇಟ್ಟಿದ್ದೀರಿ ಎಂಬುದೇ ಪ್ರಶ್ನೆ. 2020ರ ಆಗಸ್ಟ್ 7ರಂದು ಕೋಯಿಕ್ಕೋಡಿನಲ್ಲಿ, ಇನ್ನೊಂದು ಗುಡ್ಡದ ಮೇಲಿನ ರನ್‌ವೇಯಲ್ಲಿ, ಅದೇ ಸಂಸ್ಥೆಯ ಇನ್ನೊಂದು 737 ಹೀಗೇ ದೂರ ಹೋಗಿ ನೆಲ ಮುಟ್ಟಿ ಅಂಚು ದಾಟಿ ಬಿತ್ತು. 21 ಜನ ಸತ್ತರು. ಷರಾ ಅದೇ.

ಇನ್ನು ಕೆಲವರು ಕೇಳುತ್ತಾರೆ: ಹಾಗಾದರೆ ಪೈಲಟ್‌ಗೆ ಹೊಣೆಯೇ ಇಲ್ಲವೇ? ಇದೆ. ಸಂಪೂರ್ಣ ಇದೆ. ಹೊಣೆ ಒಬ್ಬನ ಮೇಲಿದ್ದರೆ ಇನ್ನೊಬ್ಬನ ಮೇಲಿಂದ ಇಳಿದುಹೋಗುತ್ತದೆ ಎಂಬ ಲೆಕ್ಕ ಮಾತ್ರ ತಪ್ಪು. ಅದು ಹಂಚಿದಂತೆ ಕಡಿಮೆಯಾಗಲು ಹೋಳಿಗೆಯಲ್ಲ. ಕ್ಯಾಪ್ಟನ್‌ದು ಪೂರ್ತಿ ಹೊಣೆ, ರನ್‌ವೇ ಕಟ್ಟಿದವರದೂ ಪೂರ್ತಿ ಹೊಣೆ, ರಾಡಾರ್ ನೋಡಿಕೊಳ್ಳಬೇಕಿದ್ದವರದೂ ಪೂರ್ತಿ ಹೊಣೆ. ಸತ್ತವನು ಒಬ್ಬನೇ ಬಾಯಿ ಬಿಡಲಾರ, ಅದಕ್ಕೇ ಎಲ್ಲವನ್ನೂ ಅವನ ತಲೆಗೆ ಕಟ್ಟುವುದು ಸುಲಭ.

ನಮ್ಮ ಕಡೆಯದೇ ಒಂದು ಉದಾಹರಣೆ. 2009ರ ಮಾರ್ಚ್ 6ರ ಮಧ್ಯಾಹ್ನ ಕೆಂಗೇರಿ ದಾಟಿ ಬಿಡದಿಗೆ ಹೋಗುವ ದಾರಿಯ ಶೇಷಗಿರಿಹಳ್ಳಿ ಬಳಿ ಸರಸ್ ವಿಮಾನ ಬಿತ್ತು. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕಟ್ಟಿದ, ಹದಿನಾಲ್ಕು ಜನ ಕೂರುವ ಚಿಕ್ಕ ವಿಮಾನದ ಎರಡನೆಯ ಮಾದರಿ ಅದು. ವಾಯುಪಡೆಯ ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ಮೂವರೂ ಸತ್ತರು. ಒಂದು ಎಂಜಿನ್ನನ್ನು ಆಕಾಶದಲ್ಲೇ ನಿಲ್ಲಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆಯಲ್ಲಿದ್ದರು. ‘ಏನೋ ಎಡವಟ್ಟು ಮಾಡಿಕೊಂಡಿರಬೇಕು’ ಎಂದು ಅವತ್ತು ಸಂಜೆ ನಮ್ಮ ಬೀದಿಯಲ್ಲಿ ಮಾತಾಡಿಕೊಂಡರು. ತನಿಖೆಯಲ್ಲಿ ಕಂಡದ್ದು ಬೇರೆ. ಎಂಜಿನ್ ಮರುಚಾಲನೆಗೆ ವಿನ್ಯಾಸಕಾರರು ಬರೆದುಕೊಟ್ಟಿದ್ದ ಕ್ರಮವೇ ತಪ್ಪಾಗಿತ್ತು. ಅದನ್ನು ಸಾಕಷ್ಟು ಎತ್ತರವಿಲ್ಲದಲ್ಲಿ ಅನುಸರಿಸಲಾಯಿತು. ಪ್ರೊಪೆಲರ್ ತಯಾರಿಸಿದ ಕಂಪನಿಯನ್ನು ಒಂದು ಮಾತು ಕೇಳದೆಯೇ ಆ ಕ್ರಮ ರೂಪಿಸಿದ್ದರು. ಇಬ್ಬರು ನುರಿತ ಪರೀಕ್ಷಾ ಪೈಲಟ್‌ಗಳು, ಒಬ್ಬ ಪರೀಕ್ಷಾ ಎಂಜಿನಿಯರ್ ತಮ್ಮ ಕೈಗೆ ಕೊಟ್ಟ ಕಾಗದದಲ್ಲಿ ಇದ್ದಂತೆ ನಡೆದುಕೊಂಡರು. ಮೈಸೂರು ರಸ್ತೆಯಲ್ಲಿ ವಂಡರ್‌ಲಾಗೆ ಮಕ್ಕಳನ್ನು ಕರೆದುಕೊಂಡು ಹೋಗುವಾಗಲೆಲ್ಲ ನನಗೆ ಆ ಕಾಗದ ನೆನಪಾಗುತ್ತದೆ.

ತರಬೇತಿ ವಿಮಾನಗಳ ವಿಚಾರದಲ್ಲಿ ನಮ್ಮ ಷರಾ ಇನ್ನೂ ಅವಸರದ್ದು. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹೊರಟ ರೆಡ್‌ಬರ್ಡ್ ಸಂಸ್ಥೆಯ ಪುಟ್ಟ ವಿಮಾನ ತಾಂತ್ರಿಕ ತೊಂದರೆಯಿಂದ ಹೊನ್ನಿಹಾಳದ ಹೊಲವೊಂದರಲ್ಲಿ ಇಳಿಯಬೇಕಾಯಿತು. ಇಬ್ಬರಿಗೆ ಸಣ್ಣಪುಟ್ಟ ಗಾಯ, ಅಷ್ಟೇ. ಉತ್ತ ಹೊಲದಲ್ಲಿ ವಿಮಾನ ಇಳಿಸಿ ಇಬ್ಬರೂ ಎದ್ದು ಬರುವುದು ಸಾಮಾನ್ಯ ಕೆಲಸವಲ್ಲ, ಆದರೂ ‘ಹುಡುಗರ ಕೈಗೆ ಕೊಟ್ಟರೆ ಹೀಗೇ’ ಎಂದವರೇ ಹೆಚ್ಚು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಾರಾಮತಿಯಲ್ಲಿ ಅದೇ ಸಂಸ್ಥೆಯ ಎರಡು ವಿಮಾನಗಳು ಒಂದು ವಾರದೊಳಗೆ ಬಿದ್ದವು. ಆರು ತಿಂಗಳಲ್ಲಿ ಐದು ಘಟನೆ ಎಂದು ಲೆಕ್ಕ ಹಾಕಿದ ಮೇಲೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಆ ಸಂಸ್ಥೆಯ ತರಬೇತಿ ಅನುಮತಿಯನ್ನೇ ತಡೆಹಿಡಿಯಿತು. ಒಂದೊಂದನ್ನೂ ಒಬ್ಬೊಬ್ಬ ಹುಡುಗನ ಕೈತಪ್ಪು ಎಂದು ಬರೆದು ಪಕ್ಕಕ್ಕಿಟ್ಟಿದ್ದರೆ ಆ ಐದನ್ನು ಒಟ್ಟಿಗೆ ಎಣಿಸುವ ಯೋಚನೆ ಯಾರಿಗೆ ಬರುತ್ತಿತ್ತು?

ನಿದ್ದೆಯ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ಗ್ಲುಸಿಕಾ ಅವರ ಗೊರಕೆಯನ್ನು ಹದಿನೈದು ವರ್ಷ ಆಡಿಕೊಂಡವರು ನಾವು. ಹಾರಾಟಕ್ಕೆ ಮೊದಲು ವಿಶ್ರಾಂತಿಗೆ ಸಾಕಷ್ಟು ಸಮಯವಿತ್ತು ಎಂದು ವರದಿ ಹೇಳುತ್ತದೆ. ಇರಲಿ. ಆದರೆ ಆ ಸಿಬ್ಬಂದಿ ಹಿಂದಿನ ರಾತ್ರಿ ಒಂಬತ್ತೂವರೆಗೆ ಮಂಗಳೂರಿನಿಂದ ಹೊರಟು, ದುಬೈ ಮುಟ್ಟಿ, ಅಲ್ಲಿಂದ ನಡುರಾತ್ರಿ ತಿರುಗಿ ಬಂದವರು. ದೇಹ ನಿದ್ದೆಗೆ ಎಳೆಯುವ ಹೊತ್ತದು ಎಂಬುದನ್ನೂ ಅದೇ ವರದಿ ಗುರುತಿಸಿದೆ. ಪೈಲಟ್‌ಗಳ ರಾತ್ರಿ ಪಾಳಿ ಕಡಿಮೆ ಮಾಡಿ ವಿಶ್ರಾಂತಿ ಹೆಚ್ಚಿಸುವ ಹೊಸ ನಿಯಮದ ಎರಡನೆಯ ಹಂತ ಜಾರಿಗೆ ಬಂದದ್ದು 2025ರ ನವೆಂಬರ್ 1ಕ್ಕೆ. ತಿಂಗಳು ತುಂಬುವಷ್ಟರಲ್ಲಿ ದೇಶದ ಅತಿ ದೊಡ್ಡ ವಿಮಾನ ಸಂಸ್ಥೆ ಇಂಡಿಗೊ ಸಾಕಷ್ಟು ಪೈಲಟ್‌ಗಳಿಲ್ಲದೆ ಸಾವಿರಾರು ಹಾರಾಟ ರದ್ದು ಮಾಡಿತು. ದೇವನಹಳ್ಳಿಯ ನಿಲ್ದಾಣದಲ್ಲಿ ಜನ ಬ್ಯಾಗುಗಳ ಮೇಲೆ ಮಲಗಿದರು. ಡಿಸೆಂಬರ್ ಮೊದಲ ವಾರದಲ್ಲೇ ಆ ಸಂಸ್ಥೆಗೆ ನಿಯಮ ಸಡಿಲವಾಯಿತು. ಪ್ರಯಾಣಿಕರ ಸಿಟ್ಟು ನ್ಯಾಯವಾದದ್ದೇ. ಆದರೆ ನಿದ್ದೆಗೆಟ್ಟ ಪೈಲಟ್ ಬೇಡ ಎನ್ನುವ ನಾವೇ, ಪೈಲಟ್‌ಗೆ ನಿದ್ದೆ ಕೊಡುವ ನಿಯಮ ಸಡಿಲವಾದಾಗ ಒಂದು ಮಾತೂ ಆಡಲಿಲ್ಲ. ನಾಳೆ ಇನ್ನೊಬ್ಬರು ಕಣ್ಣು ಮುಚ್ಚಿದರೆ ಷರಾ ಬರೆಯಲು ಮಾತ್ರ ನಾವು ತಯಾರು.

ಈಗ ಜಿಲ್ಲೆಗೊಂದು ವಿಮಾನ ನಿಲ್ದಾಣ ಎಂಬ ಮಾತು ಎಲ್ಲ ಪಕ್ಷಗಳ ಬಾಯಲ್ಲೂ ಇದೆ. ಶಿವಮೊಗ್ಗದಲ್ಲಿ 2023ರಲ್ಲಿ ಶುರುವಾಯಿತು. ಮಲೆನಾಡಿನಲ್ಲೂ ಏರ್‌ಸ್ಟ್ರಿಪ್ ಬೇಕು ಎಂಬ ಬೇಡಿಕೆಯಿದೆ. ಬೇಡ ಎನ್ನುವವನಲ್ಲ ನಾನು. ಆದರೆ ಮಲೆನಾಡು ಎಂದರೆ ಮತ್ತೆ ಗುಡ್ಡ, ಮತ್ತೆ ಮಳೆ, ಮತ್ತೆ ಮಂಜು, ಮತ್ತೆ ಇಳಿಜಾರು. ಅಲ್ಲಿ ಇಳಿಯುವವು ಚಿಕ್ಕ ವಿಮಾನಗಳು, ಇಳಿಸುವವರಲ್ಲಿ ಹೊಸಬರೂ ಇರುತ್ತಾರೆ. ತಪ್ಪುಗಳು ಆಗೇ ಆಗುತ್ತವೆ. ಆ ತಪ್ಪಿಗೆ ಬೇಕಾದ ಜಾಗವನ್ನು ಅಡಿಗಲ್ಲು ಹಾಕುವ ದಿನವೇ ಅಳೆಯಬೇಕು. ಪಕ್ಕದ ಹಳ್ಳಿಯವರು ಇಲ್ಲಿ ಜಾಗ ಸಾಲದು ಎಂದು ಅರ್ಜಿ ಹಿಡಿದು ಬಂದರೆ ಅವರನ್ನು ಅಭಿವೃದ್ಧಿಯ ವಿರೋಧಿಗಳು ಎಂದು ಕರೆಯಬಾರದು. ಬಜ್ಪೆಯವರನ್ನು ಹಾಗೆ ಕರೆದಿದ್ದೆವು.

ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟೆ. ಮುಂದಿನ ಸಲ ದರ್ಶಿನಿ ಮುಂದೆ ಯಾರಾದರೂ ‘ಪೈಲಟ್‌ದೇ ತಪ್ಪಂತೆ’ ಎಂದರೆ ತಲೆಯಾಡಿಸಿ ಕಾಫಿ ಲೋಟ ಕೆಳಗಿಡಬೇಡಿ. ಇರಬಹುದು ಎನ್ನಿ. ಆಮೇಲೆ ರನ್‌ವೇ ಮುಗಿದ ಮೇಲೆ ಎಷ್ಟು ಮೀಟರ್ ನೆಲ ಇತ್ತು ಎಂದು ಕೇಳಿ.